ಬಿಎಫ್‌ಎ ಮಾಡಿದರೆ ಕೆಲಸ ಸಿಗುತ್ತದೆಯೇ? ನಮ್ಮಂಥ ಮನೆಯ ಮಕ್ಕಳು ಅಲ್ಲಿರುತ್ತಾರೆಯೇ?

ನೀವು ಡೊಂಬಿವಲಿಯಿಂದ ಎರಡು ಪ್ರಶ್ನೆ ಕೇಳಿದ್ದೀರಿ. ಮಗಳನ್ನು ಮುಂಬೈಯಲ್ಲಿ ಬಿಎಫ್‌ಎಗೆ, ಅಂದರೆ ಲಲಿತಕಲೆಯ ಪದವಿಗೆ, ಸೇರಿಸಿದರೆ ಮುಂದೆ ಹೊಟ್ಟೆಪಾಡಿನ ಗತಿ ಏನು? ಹೋಟೆಲ್ ಕೆಲಸದವರ ಮನೆಯ ಹುಡುಗಿ ಅಲ್ಲಿ ಒಂಟಿಯಾಗುವುದಿಲ್ಲವೇ? ನಾನು ಮುಂಬೈಯಲ್ಲೇ ಬಿಎಫ್‌ಎ ಓದಿ, ಈಗ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಬದುಕುತ್ತಿದ್ದೇನೆ. ನನ್ನ ಅನುಭವದಲ್ಲಿ ಈ ಎರಡೂ ಒಂದೇ ಪ್ರಶ್ನೆ. ನಮ್ಮ ಕ್ಷೇತ್ರದಲ್ಲಿ ಕೆಲಸ ಬರುವುದು ಹೆಚ್ಚಾಗಿ ಸಹಪಾಠಿಗಳ ಮೂಲಕ. ಅವರು ಎಷ್ಟು ಬಗೆಯ ಮನೆಗಳಿಂದ ಬಂದಿರುತ್ತಾರೋ ಅಷ್ಟು ಬಗೆಯ ದಾರಿಗಳು ತೆರೆಯುತ್ತವೆ.

ನಮ್ಮ ತರಗತಿಯಲ್ಲಿ ರಾಯಗಡ ಜಿಲ್ಲೆಯ ಪೇಣ್‌ನ ಹುಡುಗನೊಬ್ಬನಿದ್ದ. ಪೇಣ್ ಎಂದರೆ ಗಣಪತಿ ಮೂರ್ತಿಗಳ ಊರು. ಮೂರ್ತಿಗೆ ಕಣ್ಣು ಬರೆಯುವ ‘ಆಖಣಿ’ ಅವನಿಗೆ ಮನೆಯಲ್ಲೇ ಬಂದ ವಿದ್ಯೆ. ಕಿರುಬೆರಳನ್ನು ಮೂರ್ತಿಯ ಕೆನ್ನೆಗೆ ಊರಿ, ಉಸಿರು ಬಿಗಿಹಿಡಿದು, ರೆಪ್ಪೆಯ ಗೆರೆಯನ್ನು ಕುಂಚ ಎತ್ತದೆ ಎಳೆದು ಮುಗಿಸುತ್ತಿದ್ದ. ಅಧ್ಯಾಪಕರೂ ನಿಂತು ನೋಡುತ್ತಿದ್ದರು. ಆದರೆ ತನ್ನ ಕೆಲಸಕ್ಕೆ ಇಷ್ಟು ಹಣ ಎಂದು ಹೇಳಲು ಅವನಿಗೆ ನಾಲಗೆ ಏಳುತ್ತಿರಲಿಲ್ಲ. ಅದನ್ನು ಕಲಿಸಿದವಳು ಶ್ರೀಮಂತರ ಬಡಾವಣೆ ಮಲಬಾರ್ ಹಿಲ್‌ನ ಸಹಪಾಠಿ. ಅವಳಿಗೆ ಮಣ್ಣು ಹದಮಾಡಲು ಕಲಿಸಿದವನು ಅವನು. ಈಗ ಇಬ್ಬರೂ ಸೇರಿ ಗೋರೆಗಾಂವ್‌ನಲ್ಲಿ ಧಾರಾವಾಹಿಗಳ ಸೆಟ್ ಕಟ್ಟುತ್ತಾರೆ. ನನಗೆ ಮೊದಲ ಪುಸ್ತಕದ ಕೆಲಸ ಕೊಡಿಸಿದ್ದು ಇನ್ನೊಬ್ಬ ಸಹಪಾಠಿಯ ತಾಯಿ, ಗುಜರಾತಿ ಶಾಲೆಯ ಶಿಕ್ಷಕಿ.

ಆದ್ದರಿಂದ ಶೇಕಡಾವಾರು ಪ್ಲೇಸ್‌ಮೆಂಟ್ ನೋಡಿ ನಿರ್ಧರಿಸಬೇಡಿ. ಕೇಂದ್ರ ಸರ್ಕಾರ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಪದವೀಧರರ ಉದ್ಯೋಗಕ್ಕೂ ಅಂಕವಿದೆ, ಹೊರರಾಜ್ಯದ, ಹಿಂದುಳಿದ ವರ್ಗದ ವಿದ್ಯಾರ್ಥಿಗಳು ಹಾಗೂ ಹೆಣ್ಣುಮಕ್ಕಳ ಪ್ರಮಾಣಕ್ಕೂ ಅಂಕವಿದೆ. ಆದರೆ ವಾಸ್ತುಶಿಲ್ಪಕ್ಕಿರುವಂತೆ ಲಲಿತಕಲೆಗೆ ಅಲ್ಲಿ ಪ್ರತ್ಯೇಕ ವಿಭಾಗವೇ ಇಲ್ಲ. ಸಂಬಳದ ಚೀಟಿ ಇಲ್ಲದೆ ಸ್ವತಂತ್ರವಾಗಿ ದುಡಿಯುವ ಕಲಾವಿದರನ್ನು ಇಂಥ ಕೋಷ್ಟಕಗಳು ಹಿಡಿಯಲಾರವು. 1857ರಲ್ಲಿ ಆರಂಭವಾದ ಮುಂಬೈಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ನಮ್ಮವರಿಬ್ಬರು ಕಲಿತಿದ್ದರು: ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು, ಕಲಬುರಗಿಯ ಎಸ್. ಎಂ. ಪಂಡಿತರು. ಹೆಬ್ಬಾರರು ಅಲ್ಲೇ ಪಾಠವನ್ನೂ ಹೇಳಿ ದೇಶದ ದೊಡ್ಡ ವರ್ಣಚಿತ್ರಕಾರರಾದರು; ಪಂಡಿತರು ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ಮನೆಮನೆಯ ಗೋಡೆ ತಲುಪಿದರು. ಇವರಿಬ್ಬರ ಬದುಕನ್ನು ಯಾವ ಸರಾಸರಿಯಲ್ಲಿ ಕೂಡಿಸುತ್ತೀರಿ?

ಮೊದಲ ಕೆಲವು ವರ್ಷ ಕೈ ಬಿಗಿಯಾಗಿಯೇ ಇರುತ್ತದೆ, ಇದನ್ನು ಮುಚ್ಚಿಡಲಾರೆ. ತಿಂಗಳ ಸಂಬಳ ಬೇಗ ಬೇಕೆಂದರೆ ಅನ್ವಯಿಕ ಕಲೆ ವಾಸಿ. ಜಾಹೀರಾತು, ಅನಿಮೇಷನ್ ಕಂಪನಿಗಳಲ್ಲಿ ಅದಕ್ಕೆ ಬೇಡಿಕೆಯಿದೆ. ಸರ್ಕಾರಿ ಕಾಲೇಜಾದರೆ ಶುಲ್ಕಕ್ಕಿಂತ ಸಾಮಗ್ರಿಯ ಖರ್ಚೇ ಬಡ ಮಕ್ಕಳ ಬೆನ್ನು ಮುರಿಯುತ್ತದೆ. ಕ್ಯಾನ್ವಾಸ್, ತೈಲವರ್ಣದ ಟ್ಯೂಬು, ಕೊನೆಯ ವರ್ಷದ ಪ್ರದರ್ಶನಕ್ಕೆ ಚೌಕಟ್ಟು, ಹೀಗೆ ಬೆಳೆಯುತ್ತಲೇ ಹೋಗುತ್ತದೆ. ಪ್ರತಿಭೆಯಿದ್ದೂ ಈ ಖರ್ಚಿಗೆ ಹೆದರಿ ಅರ್ಧಕ್ಕೆ ಬಿಟ್ಟವರನ್ನು ಕಂಡಿದ್ದೇನೆ, ಅದು ನನಗೆ ಇಂದಿಗೂ ಸಂಕಟ. ಎಷ್ಟೇ ಬಗೆಯ ಮಕ್ಕಳಿಗೆ ಪ್ರವೇಶ ಕೊಟ್ಟರೂ ಅವರು ನಾಲ್ಕು ವರ್ಷ ಉಳಿಯದಿದ್ದರೆ ಏನು ಬಂತು?

ಕಾಲೇಜಿನ ವಾರ್ಷಿಕ ಪ್ರದರ್ಶನಕ್ಕೆ ಮಗಳೊಂದಿಗೆ ಹೋಗಿ. ಅಂತಿಮ ವರ್ಷದವರನ್ನು ಕನ್ನಡ, ಮರಾಠಿ, ಹಿಂದಿ, ಯಾವುದರಲ್ಲಾದರೂ ಮಾತನಾಡಿಸಿ. ಐದು ವರ್ಷದ ಹಿಂದೆ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ, ಸಾಮಗ್ರಿಗೆ ನೆರವು ಸಿಗುತ್ತದೆಯೇ, ಎಷ್ಟು ಜನ ಮಧ್ಯದಲ್ಲಿ ಬಿಟ್ಟರು ಎಂದು ಕೇಳಿ. ಮಕ್ಕಳು ಸುಳ್ಳು ಹೇಳುವುದಿಲ್ಲ.