ಟರ್ಬೊ ಬದಲಿಸುವ ಮೊದಲು ಹೋಸ್ ನೋಡಿ

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಕಾರು. ಏರ್ ಫಿಲ್ಟರ್ ಬದಲಿಸಿದ ಮೇಲೆ ಐಡ್ಲಿಂಗ್‌ನಲ್ಲಿ ಇಂಜಿನ್ ವೇಗ ಏರಿಳಿಯುತ್ತಿದೆ, ಬಾನೆಟ್ ಒಳಗೆ ‘ಸ್ಸ್’ ಎಂಬ ಸದ್ದು ಕೇಳುತ್ತದೆ. ಏರು ರಸ್ತೆಯಲ್ಲಿ ಪಿಕಪ್ ಇಲ್ಲ. ಸ್ಕ್ಯಾನರ್‌ನಲ್ಲಿ ಪಿ0171 ಕೋಡ್ ಬಂದಿದೆ. ಟರ್ಬೊ ಹೋಗಿದೆ ಎನ್ನುತ್ತಾರೆ ಮೆಕ್ಯಾನಿಕ್. ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ರಿಪೇರಿಯ ಬೆನ್ನಿಗೇ ಶುರುವಾದ ತೊಂದರೆಯನ್ನು ಮೊದಲು ಕೈಯಾಡಿಸಿದ ಜಾಗದಲ್ಲೇ ಹುಡುಕಬೇಕು. ಫಿಲ್ಟರ್ ಡಬ್ಬಿ ಎತ್ತುವಾಗ ಪಕ್ಕದ ಸಣ್ಣ ವ್ಯಾಕ್ಯೂಮ್ ಹೋಸ್ (ಇಂಜಿನ್ ಗಾಳಿ ಎಳೆದುಕೊಳ್ಳುವ ಬಲವನ್ನು ಬೇರೆ ಭಾಗಗಳಿಗೆ ಒಯ್ಯುವ ಕೊಳವೆ) ಕಳಚಿರುವ ಸಾಧ್ಯತೆಯೇ ಹೆಚ್ಚು. ಟರ್ಬೊ ಸವೆದರೆ ಎಣ್ಣೆ ಹೊಗೆ, ಸಿಳ್ಳೆ, ಶಕ್ತಿ ಕುಂದುವುದು ಇವೆಲ್ಲ ಕಾಣಬಹುದು. ಐಡ್ಲಿಂಗ್‌ನಲ್ಲಿ ಈ ಪರಿಯ ಏರಿಳಿತ ಅದರ ಲಕ್ಷಣವಲ್ಲ.

ಟರ್ಬೊ ಇಂಜಿನ್‌ನಲ್ಲಿ ಕಳಚಿದ ಒಂದೇ ಹೋಸ್ ಎರಡು ರೀತಿ ಕಾಡುತ್ತದೆ. ಐಡ್ಲಿಂಗ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಹೊರಗಿನ ಗಾಳಿಗಿಂತ ಬಹಳ ಕಡಿಮೆ. ಆಗ ಏರ್‌ಫ್ಲೋ ಸೆನ್ಸರ್ ಅಳೆಯದ ಗಾಳಿ ತೂತಿನಿಂದ ಒಳಗೆ ನುಗ್ಗುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಸಾಲದಾಗುತ್ತದೆ. ಪಿ0171 ಹೇಳುವುದು ಇದನ್ನೇ. ಆಕ್ಸಿಲರೇಟರ್ ಒತ್ತಿ ಬೂಸ್ಟ್, ಅಂದರೆ ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ, ಏರಿದಾಗ ಆಟ ತಿರುಗಿಬೀಳುತ್ತದೆ: ಅಳೆದ ಗಾಳಿಯೇ ಅದೇ ತೂತಿನಿಂದ ಹೊರಗೆ ಸೋರುತ್ತದೆ, ಪೆಟ್ರೋಲ್ ಹೆಚ್ಚಾಗುತ್ತದೆ, ಎಳೆತ ಸಾಯುತ್ತದೆ.

ಸ್ಕ್ಯಾನರ್‌ನಲ್ಲಿ ಕೋಡ್ ಓದಿ ಮುಚ್ಚಿಡುವವರೇ ಹೆಚ್ಚು. ಅದರಲ್ಲೇ ಫ್ಯೂಯಲ್ ಟ್ರಿಮ್ (ಮಿಶ್ರಣ ಸರಿದೂಗಿಸಲು ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಲು ಹೇಳಿ. ಐಡ್ಲಿಂಗ್‌ನಲ್ಲಿ ಅದು +20% ಆಸುಪಾಸಿನಲ್ಲಿದ್ದು, ನಿಂತಲ್ಲೇ 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯತ್ತ ಇಳಿದರೆ ಗಾಳಿ ಸೋರಿಕೆಯೆಂದು ಬಲವಾಗಿ ಶಂಕಿಸಬಹುದು. ವೇಗ ಹೆಚ್ಚಿದಂತೆ ಟ್ರಿಮ್ ಕೂಡ ಏರಿದರೆ ಏರ್‌ಫ್ಲೋ ಸೆನ್ಸರ್ ಅಥವಾ ಪೆಟ್ರೋಲ್ ಪೂರೈಕೆಯತ್ತ ನೋಡಬೇಕು. ಏರ್‌ಫ್ಲೋ ಸೆನ್ಸರ್ ಇಲ್ಲದೆ ಮ್ಯಾನಿಫೋಲ್ಡ್ ಒತ್ತಡವನ್ನಷ್ಟೇ ನಂಬುವ ಇಂಜಿನ್‌ಗಳಲ್ಲಿ ಈ ಲೆಕ್ಕ ಇಷ್ಟು ಚೊಕ್ಕವಾಗಿ ಸಿಗದು.

ಇನ್ನು ಕಣ್ಣಿನ ಕೆಲಸ. ಇಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಮ್ಯಾನಿಫೋಲ್ಡ್‌ನಿಂದ ಹೊರಡುವ ಪ್ರತಿ ಹೋಸ್‌ನ ಎರಡೂ ತುದಿಗಳನ್ನು ಬೆರಳಿನಿಂದ ಅಲುಗಿಸಿ. ಧೂಳು ಮೆತ್ತಿದ ಭಾಗಗಳ ನಡುವೆ ಯಾವುದಾದರೂ ಸಣ್ಣ ಕೊಳವೆಯ ಮೂತಿ ಮಾತ್ರ ಸ್ವಚ್ಛವಾಗಿ ಹೊಳೆಯುತ್ತಿದ್ದರೆ, ಅಲ್ಲಿದ್ದ ಹೋಸ್ ಇತ್ತೀಚೆಗೆ ಕಳಚಿದೆ ಎಂದೇ ತಿಳಿಯಿರಿ. ಮತ್ತೆ ಸಿಕ್ಕಿಸಿದಾಗ ಬಿಗಿಯಾಗಿ ಕೂರಬೇಕು. ಸಡಿಲವಾಗಿ ಜಾರಿದರೆ, ತುದಿ ಗಡುಸಾಗಿ ಸೀಳಿದ್ದರೆ ಹೊಸ ಹೋಸ್ ಹಾಕಿಸಿ. ಟೇಪ್ ಸುತ್ತುವುದು ಬೇಡ, ಬೂಸ್ಟ್‌ಗೆ ಅದು ನಿಲ್ಲದು. ಕಣ್ಣಿಗೆ ಬೀಳದಿದ್ದರೆ ಸ್ಮೋಕ್ ಟೆಸ್ಟ್ ಮಾಡಿಸಿ, ಒಳಗೆ ಬಿಟ್ಟ ಹೊಗೆ ಸೋರುವ ಜಾಗದಿಂದ ಹೊರಬರುತ್ತದೆ. ಕಾರ್ಬ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ಹಳೆಯ ಉಪಾಯ ನನಗೆ ಒಪ್ಪಿಗೆಯಿಲ್ಲ. ಕಾದ ಟರ್ಬೊ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ.

ಎರಡು ಹೋಸ್‌ಗಳ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಒತ್ತಡದಿಂದ ತೆರೆಯುವ ವೇಸ್ಟ್‌ಗೇಟ್‌ನ (ಬೂಸ್ಟ್ ಮಿತಿಯಲ್ಲಿಡುವ ಕವಾಟ) ಹೋಸ್ ಕಳಚಿದರೆ ಬೂಸ್ಟ್ ಕುಸಿಯುವುದಿಲ್ಲ, ಮಿತಿಮೀರುತ್ತದೆ, ಇಂಜಿನ್‌ಗೇ ಪೆಟ್ಟು. ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ನ ಹೋಸ್ ಕಳಚಿದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ನಿಮ್ಮ ಪೆಡಲ್ ಹಾಗಿದ್ದರೆ ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಕಾರನ್ನು ಎಳೆಸಿಕೊಂಡು ಹೋಗಿ.