ಪ್ರತಿಕ್ರಿಯೆ: ಬೆಳಗ್ಗೆ ಕತ್ತು ಹಿಡಿದಿರುತ್ತೆ, ಯಾವ ದಿಂಬು ತಗೊಳ್ಳಲಿ?

ಮಗ್ಗುಲಾಗಿ ಮಲಗುತ್ತೀರಿ, ಹತ್ತಿ ದಿಂಬು ಹಳೆಯದು ಅಂದಿದ್ದೀರಿ. ಹಾಗಾದರೆ ದಿಂಬಿನ ಎತ್ತರ ಸಾಲುತ್ತಿಲ್ಲ ಅನ್ನಿಸುತ್ತದೆ. ಹತ್ತಿ ಬರಬರುತ್ತಾ ಒತ್ತಿಕೊಂಡು ಗಂಟಾಗುತ್ತದೆ, ತಲೆಯಿಡುವ ಜಾಗದಲ್ಲಿ ಗುಂಡಿ ಬೀಳುತ್ತದೆ. ತಲೆ ಹಾಸಿಗೆ ಕಡೆ ವಾಲಿ ರಾತ್ರಿಯಿಡೀ ಕತ್ತು ಎಳೆದುಕೊಂಡಿರುತ್ತದೆ.

ಸುಮ್ನೆ ಮೆಮೊರಿ ಫೋಮ್ (ತಲೆಯ ಆಕಾರಕ್ಕೆ ತಗ್ಗುವ ಸ್ಪಂಜು) ದಿಂಬಿಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ದಿನಾ ಮಲಗುವ ಹಾಸಿಗೆಯ ಮೇಲೇ ಮಲಗಿ, ಮನೆಯವರಿಂದ ಹಿಂದಿನಿಂದ ಒಂದು ಫೋಟೊ ತೆಗೆಸಿ. ಕತ್ತು, ಬೆನ್ನೆಲುಬು ಒಂದೇ ಗೆರೆಯಲ್ಲಿರಬೇಕು. ತಲೆ ಕೆಳಗೆ ಬಾಗಿದ್ದರೆ ಬೈರಾಸು (ಟವೆಲ್) ಮಡಚಿ ದಿಂಬಿನ ಕವರಿನೊಳಗೆ, ದಿಂಬಿನ ಅಡಿಗೆ ಹಾಕಿ. ಗೆರೆ ನೇರವಾಗುವ ತನಕ ಒಂದೊಂದೇ ಮಡಿಕೆ ಸೇರಿಸಿ. ಜಾಸ್ತಿ ಎತ್ತರವಾದರೂ ಕತ್ತು ನೋಯುತ್ತದೆ. ಭುಜ ಹಾಸಿಗೆ ಮೇಲಿರಲಿ, ದಿಂಬಿನ ಮೇಲೆ ಬೇಡ. ಹೀಗೆ ಮೂರ್ನಾಲ್ಕು ರಾತ್ರಿ ಮಲಗಿ ನೋಡಿ.

ನೋವು ಇಳಿದರೆ, ತಲೆಯಿಟ್ಟಾಗ ಉಳಿಯುವ ಎತ್ತರ ಅಳೆದುಕೊಂಡು ಅಷ್ಟೇ ಎತ್ತರದ್ದು ತಗೊಳ್ಳಿ. ಅಂಗಡಿಯಲ್ಲಿ ಒತ್ತಿ ನೋಡಿ, ಉಬ್ಬು ನೋಡಿ ಮೋಸಹೋಗಬೇಡಿ. ಸೆಕೆ ಇರುವ ಊರಾದರೆ ನನ್ನ ಮತ ಹತ್ತಿಗೇ. ಹಳೇ ಹತ್ತಿ ಹಿಂಜಿಸಿ, ಸ್ವಲ್ಪ ಹೊಸದು ತುಂಬಿಸಿದರೂ ಸಾಕಾಗಬಹುದು.

ಎತ್ತರ ಸರಿಯಾದ ಮೇಲೂ ನೋವಿದ್ದರೆ ಕಾರಣ ಬೇರೆ ಇರಬಹುದು. ಕೈ ಜೋಮು ಹಿಡಿಯುತ್ತಿದ್ದರೆ ಕಾಯದೆ ಡಾಕ್ಟರಿಗೆ ತೋರಿಸಿ.