ಹೊಸ ಸ್ಪೀಕರ್‌ಗೆ ಬರ್ನ್-ಇನ್ ಟ್ರ್ಯಾಕ್ ಹಾಕಿದರೆ ಧ್ವನಿ ನಿಜವಾಗಿಯೂ ಸುಧಾರಿಸುತ್ತಾ?

ಬರ್ನ್-ಇನ್ ಅಂದರೆ ಹೊಸ ಸ್ಪೀಕರ್ ಪಳಗಲಿ ಅಂತ ಅದನ್ನು ಗಂಟೆಗಟ್ಟಲೆ ನುಡಿಸುವುದು. ಸ್ಪೀಕರ್‌ನಲ್ಲಿ ಅಲ್ಪಸ್ವಲ್ಪ ಬದಲಾವಣೆ ಆಗುವುದು ನಿಜ, ಆದರೆ ಅದಕ್ಕಂತಲೇ ವಿಶೇಷ ಟ್ರ್ಯಾಕ್ ಬೇಕಿಲ್ಲ. ಕೇಬಲ್‌ಗಂತೂ ಏನೂ ಆಗಲ್ಲ.

ಕಾರಣ ವೂಫರ್‌ನಲ್ಲಿದೆ, ಅಂದರೆ ಬೇಸ್ ನುಡಿಸುವ ದೊಡ್ಡ ಘಟಕದಲ್ಲಿ. ಅದರ ಕೋನ್‌ನ ಸುತ್ತ ಮೆತ್ತನೆಯ ಅಂಚು ಇರುತ್ತದೆ. ಹಿಂಭಾಗದಲ್ಲಿ, ತಂತಿ ಸುರುಳಿಯ ಹತ್ತಿರ, ಅಂಟು ಕುಡಿಸಿ ಗಟ್ಟಿ ಮಾಡಿದ ಸುಕ್ಕುಸುಕ್ಕಾದ ಬಟ್ಟೆಯ ಬಿಲ್ಲೆ ಇರುತ್ತದೆ. ಇದಕ್ಕೆ ಸ್ಪೈಡರ್ ಅಂತಾರೆ. ಹೊಸದರಲ್ಲಿ ಇದು ಬಿಗಿ. ಕೋನ್ ಹಿಂದೆ ಮುಂದೆ ಆಡುತ್ತಿದ್ದಂತೆ ಸ್ವಲ್ಪ ಸಡಿಲವಾಗುತ್ತದೆ, ವೂಫರ್‌ನ ಸಹಜ ಕಂಪನದ ಫ್ರೀಕ್ವೆನ್ಸಿ ತುಸು ಕೆಳಗಿಳಿಯುತ್ತದೆ. ಇದರ ಬಹುಪಾಲು ಮೊದಲ ಕೆಲವು ನಿಮಿಷಗಳಲ್ಲಿ, ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ಮುಗಿದುಹೋಗುತ್ತದೆ.

ಬರ್ನ್-ಇನ್ ಟ್ರ್ಯಾಕ್‌ನಲ್ಲಿ ಸಾಮಾನ್ಯವಾಗಿ ಇರುವುದು ಪಿಂಕ್ ನಾಯ್ಸ್, ಅಂದರೆ ಪ್ರತಿ ಸ್ಥಾಯಿಗೂ ಸಮಾನ ಶಕ್ತಿ ಹಂಚಿದ ‘ಶ್ಶ್’ ಸದ್ದು. ಜೊತೆಗೆ 20ರಿಂದ 20,000 ಹರ್ಟ್ಜ್‌ವರೆಗೆ ಏರುವ ಸ್ವರ. ಬೇಸ್ ಚೆನ್ನಾಗಿರುವ ಯಾವ ಹಾಡಾದರೂ ಅದೇ ಕೆಲಸ ಮಾಡುತ್ತೆ, ಕೇಳೋಕೂ ಹಿತ ಅಲ್ವಾ!

‘ನೂರು ಗಂಟೆ ಆದ್ಮೇಲೆ ಧ್ವನಿ ಅರಳಿತು’ ಅನ್ನುವವರಲ್ಲಿ ಹೆಚ್ಚಿನ ಪಾಲು ಬದಲಾಗಿರುವುದು ಕಿವಿ. ಹೊಸ ಧ್ವನಿಗೆ ನಮ್ಮ ಮಿದುಳು ಬೇಗ ಒಗ್ಗಿಕೊಳ್ಳುತ್ತೆ. ಅನುಮಾನವಿದ್ದರೆ ಜೋಡಿಯಲ್ಲಿ ಒಂದನ್ನು ಮಾತ್ರ ಕೆಲವು ದಿನ ನುಡಿಸಿ. ಆಮೇಲೆ ಯಾವುದು ಯಾವುದೆಂದು ತಿಳಿಯದಂತೆ, ಒಂದೇ ಜಾಗದಲ್ಲಿಟ್ಟು ಎರಡನ್ನೂ ಕೇಳಿ ನೋಡಿ.

ಒಂದು ಎಚ್ಚರಿಕೆ: ಟೆಸ್ಟ್ ಸ್ವರಗಳನ್ನು ಜಾಸ್ತಿ ವಾಲ್ಯೂಮ್‌ನಲ್ಲಿ ಗಂಟೆಗಟ್ಟಲೆ ಬಿಟ್ಟರೆ ಟ್ವೀಟರ್‌ನ (ಎತ್ತರದ ಸ್ವರ ನುಡಿಸುವ ಪುಟ್ಟ ಘಟಕ) ಸಣ್ಣ ಕಾಯಿಲ್ ಬಿಸಿಯಾಗಿ ಸುಟ್ಟೇ ಹೋಗಬಹುದು.